ತವರದ ಡಬ್ಬಿ, ತವರಿನ ಉಡುಗೊರೆ

ಒಳಗಿನ ತಿಂಡಿ ಖರ್ಚಾದ ಮೇಲೆ ಅದನ್ನು ತುಂಬಿಕೊಂಡು ಬಂದ ವಸ್ತುವಿಗೆ ಬೆಲೆ ಹೆಚ್ಚುವುದುಂಟೆ? ಮುತ್ತುಗದ ಎಲೆ ಒಣಗಿ ಉದುರುತ್ತದೆ. ಕಾಗದದ ಪೊಟ್ಟಣ ಒಲೆಗೆ ಹೋಗುತ್ತದೆ. ಪ್ಲಾಸ್ಟಿಕ್ ಚೀಲ ತಿಪ್ಪೆ ಸೇರುತ್ತದೆ. ಬಣ್ಣದ ಚಿತ್ರವಿರುವ ತಗಡಿನ ಡಬ್ಬಿಯ ಮಾತು ಮಾತ್ರ ಬೇರೆ. ಅದರೊಳಗಿನ ಬಿಸ್ಕತ್ತು ನಾಲ್ಕು ದಿನಕ್ಕೆ ಮುಗಿದರೂ ಡಬ್ಬಿ ನಲವತ್ತು ವರ್ಷ ಮನೆಯಲ್ಲೇ ಉಳಿಯುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳೆಯ ಮನೆಗಳ ಅಟ್ಟದಲ್ಲಿ, ಗೂಡಿನಲ್ಲಿ, ಕಬ್ಬಿಣದ ಟ್ರಂಕಿನ ತಳದಲ್ಲಿ ಇಂಥ ಒಂದಾದರೂ ಡಬ್ಬಿ ಸಿಕ್ಕೀತು. ಮುಚ್ಚಳದ ಬಣ್ಣ ಸವೆದಿರಬಹುದು, ಮೂಲೆ ನೆಗ್ಗಿರಬಹುದು. ಆದರೂ ಅದನ್ನು ಎಸೆಯಲು ಮನೆಯ ಹಿರಿಯರು ಒಪ್ಪುವುದಿಲ್ಲ.

ಹೀಗೇಕೆ ಎಂದು ಕೇಳುತ್ತಾ ಹೋದರೆ ಅದು ಬರೀ ಮಿತವ್ಯಯದ ಕತೆಯಲ್ಲ ಎಂದು ತಿಳಿಯುತ್ತದೆ. ಉಡುಗೊರೆ ಕೊಡುವ, ಪಡೆಯುವ ನಮ್ಮ ರೀತಿಯಲ್ಲೇ ಈ ತಗಡಿನ ಡಬ್ಬಿ ಒಂದು ಸಣ್ಣ ಬದಲಾವಣೆ ತಂದಿತು. ಅದನ್ನು ಅರಿಯಬೇಕಾದರೆ ಡಬ್ಬಿ ಬರುವುದಕ್ಕೆ ಮೊದಲು ತಿಂಡಿ ಯಾವುದರಲ್ಲಿ ಪ್ರಯಾಣ ಮಾಡುತ್ತಿತ್ತು ಎಂಬುದನ್ನು ನೋಡಬೇಕು.

ಬರಿದಾಗಿ ಮರಳದ ಪಾತ್ರೆ

ಹಬ್ಬದ ದಿನ ಪಕ್ಕದ ಮನೆಗೆ ಒಬ್ಬಟ್ಟು ಕಳಿಸುತ್ತೇವೆ. ಹೋದ ಪಾತ್ರೆ ಮರಳಿ ಬರುವಾಗ ಬರಿದಾಗಿ ಬರುವುದಿಲ್ಲ. ಒಂದು ಹಿಡಿ ಸಕ್ಕರೆಯೋ, ಎರಡು ಬಾಳೆಹಣ್ಣೋ, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಅಕ್ಕಿಯೋ ಅದರಲ್ಲಿರುತ್ತದೆ. ಬರೀ ಪಾತ್ರೆ ಕಳಿಸಬಾರದು ಎಂಬುದು ಎಲ್ಲ ಜಾತಿ, ಮತದ ಮನೆಗಳಲ್ಲೂ ಇರುವ ಅಲಿಖಿತ ನಿಯಮ. ಅಂದರೆ ತಿಂಡಿ ಪಡೆದವರದು, ಪಾತ್ರೆ ಕೊಟ್ಟವರದು. ಪಾತ್ರೆ ಹೋಗಿ ಬರುತ್ತಿರುವವರೆಗೆ ಎರಡು ಮನೆಗಳ ನಡುವೆ ಋಣ ತೀರುವುದೂ ಇಲ್ಲ, ನಂಟು ಕಡಿಯುವುದೂ ಇಲ್ಲ.

ದೂರಕ್ಕೆ ಕಳಿಸುವ ಉಡುಗೊರೆಗೆ ಮರಳಿಸುವ ಹಂಗಿಲ್ಲದ ವಸ್ತುಗಳಿದ್ದವು. ಗೌರಿ ಹಬ್ಬಕ್ಕೆ ತವರಿನಿಂದ ಹೆಣ್ಣುಮಕ್ಕಳಿಗೆ ಹೋಗುವ ಬಾಗಿನ ಜೋಡಿ ಮೊರದಲ್ಲಿ ಹೋಗುತ್ತದೆ. ಅರಿಸಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಬೇಳೆ, ಬೆಲ್ಲ, ರವಿಕೆ ಕಣ ಎಲ್ಲವೂ ಮೇದರು ಹೆಣೆದ ಆ ಬಿದಿರಿನ ಮೊರದೊಳಗೆ. ಜಾತ್ರೆಗಳಿಂದ ತರುವ ಕಡಲೆಪುರಿ, ಬೆಂಡು, ಬತ್ತಾಸಿಗೆ ಕಾಗದದ ಪೊಟ್ಟಣ ಅಥವಾ ಹೆಗಲ ಮೇಲಿನ ವಲ್ಲಿಯ ತುದಿಯ ಗಂಟೇ ಸಾಕಾಗಿತ್ತು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಾಗಲಿ, ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಜಾತ್ರೆಯಾಗಲಿ ತಿಂಡಿ ಊರಿಗೆ ಬಂದುದು ಹೀಗೆಯೇ.

ಚಿತ್ತಾರದ ಪುಟ್ಟ ಪೆಟ್ಟಿಗೆಗಳು ನಮಗೆ ಹೊಸವೇನಲ್ಲ. ಇಷ್ಟಲಿಂಗವನ್ನಿಡುವ ಕರಡಿಗೆ, ಎಲೆ ಅಡಿಕೆ ಹಾಕುವವರ ಹಿತ್ತಾಳೆಯ ಸುಣ್ಣದ ಡಬ್ಬಿ, ಕುಂಕುಮದ ಭರಣಿ ಇವೆಲ್ಲ ಅಂಥವೇ. 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾಗುವವರೆಗೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇದ್ದ ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಕೂರಿಸಿ ಮಾಡುವ ಕುಂಕುಮ ಭರಣಿ ಇಂದಿಗೂ ಮೆಚ್ಚಿನ ಉಡುಗೊರೆ. ಆದರೆ ಅಲ್ಲಿ ಭರಣಿಯೇ ಉಡುಗೊರೆ. ತಿಂಡಿಗೆಂದು ಕಾಸು ಕೊಟ್ಟರೆ ಅದರ ಜೊತೆಗೆ ಚಿತ್ರದ ಪೆಟ್ಟಿಗೆಯೂ ಬರುವುದು, ಅದನ್ನು ಮರಳಿಸಬೇಕಾಗಿಲ್ಲದಿರುವುದು, ಅದು ಕೆಡದೆ ಉಳಿಯುವುದು ಈ ಮೂರೂ ಒಟ್ಟಿಗೆ ಕೂಡಿದ್ದು ತಗಡಿನ ಡಬ್ಬಿಯಲ್ಲಿ.

ಕಲಾಯಿ ಹಾಕಿದ ಕಬ್ಬಿಣ

ತವರ, ತವರು. ಕನ್ನಡದಲ್ಲಿ ಈ ಎರಡು ಪದಗಳ ನಡುವೆ ಒಂದು ಕೊಂಬಿನಷ್ಟೇ ಅಂತರ. ಒಂದು ಲೋಹ, ಇನ್ನೊಂದು ತಾಯಿಮನೆ. ಡಬ್ಬಿಯ ಕತೆಯಲ್ಲಿ ಮಾತ್ರ ಎರಡೂ ಜೊತೆಯಾಗುತ್ತವೆ.

ನಾವು ಟಿನ್ನು ಎಂದು ಕರೆಯುವ ಡಬ್ಬಿಯಲ್ಲಿ ಇರುವುದೆಲ್ಲ ತವರವಲ್ಲ. ಅದು ಹೆಚ್ಚುಪಾಲು ಕಬ್ಬಿಣ, ಅಂದರೆ ತೆಳುವಾದ ಉಕ್ಕಿನ ತಗಡು. ಅದರ ಎರಡೂ ಮೈಗೆ ಕೂದಲೆಳೆಗಿಂತ ಎಷ್ಟೋ ತೆಳುವಾದ ತವರದ ಪದರ ಹಚ್ಚಿರುತ್ತಾರೆ. ಇದು ನಮ್ಮ ಹಳ್ಳಿಗಳಿಗೆ ಹೊಸ ವಿದ್ಯೆಯೇನಲ್ಲ. ಬೀದಿ ಬೀದಿ ಕೂಗುತ್ತಾ ಬರುತ್ತಿದ್ದ ಕಲಾಯಿಯವರು ಹಿತ್ತಾಳೆ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒಂದೇ ಸಮನೆ ಒರೆಸಿದರೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಣಸೆಹುಳಿ ಹಾಕಿ ಅಡುಗೆ ಮಾಡಿದರೆ ಕಿಲುಬು ಏಳುತ್ತದೆ. ಕಬ್ಬಿಣಕ್ಕೆ ಕಲಾಯಿ ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಎರಡಕ್ಕೂ ತವರವೇ ಕವಚ.

ಈ ಕಲಾಯಿ ತಗಡಿನಲ್ಲಿ ಆಹಾರವನ್ನು ಗಾಳಿಯಾಡದಂತೆ ಮುಚ್ಚಿಡುವ ವಿಧಾನಕ್ಕೆ 1810ರಲ್ಲಿ ಪೀಟರ್ ಡ್ಯುರಾಂಡ್ ಎಂಬಾತ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಅಂದಿನ ಡಬ್ಬಿಗಳು ಚಿತ್ರವಿಲ್ಲದ ಒರಟು ಡಬ್ಬಿಗಳು. ಹಡಗಿನವರಿಗೆ, ಸೈನಿಕರಿಗೆ ಉಪಯೋಗವಾದವೇ ಹೊರತು ಯಾರೂ ಅವನ್ನು ಉಡುಗೊರೆಯೆಂದು ಕೊಡುತ್ತಿರಲಿಲ್ಲ. ಉಡುಗೊರೆಯ ಡಬ್ಬಿ ಹುಟ್ಟಿದ್ದು ಬಿಸ್ಕತ್ತಿನ ಅಂಗಡಿಯಲ್ಲಿ. ಇಂಗ್ಲೆಂಡಿನ ರೀಡಿಂಗ್ ಪಟ್ಟಣದಲ್ಲಿ 1822ರಲ್ಲಿ ಆರಂಭವಾದ ಅಂಗಡಿಯೇ ಮುಂದೆ ಹಂಟ್ಲಿ ಅಂಡ್ ಪಾಮರ್ಸ್ ಎಂಬ ಹೆಸರಿನಲ್ಲಿ ದೊಡ್ಡದಾಯಿತು. ಗಾಡಿಯಲ್ಲಿ ಸಾಗಿಸುವಾಗ ಬಿಸ್ಕತ್ತು ಮುರಿಯುತ್ತಿತ್ತು, ಮೆತ್ತಗಾಗುತ್ತಿತ್ತು. ಅದಕ್ಕೆ ಉಪಾಯವಾಗಿ ಆ ಮನೆತನದವರೇ ಆದ ಕಬ್ಬಿಣದ ವ್ಯಾಪಾರಿಯೊಬ್ಬರು ತಗಡಿನ ಪೆಟ್ಟಿಗೆ ಮಾಡಿಕೊಟ್ಟರು. 1868ರಲ್ಲಿ ಕಂಪನಿಯು ಓವೆನ್ ಜೋನ್ಸ್ ಎಂಬ ಹೆಸರಾಂತ ವಿನ್ಯಾಸಕಾರನಿಂದ ಚಿತ್ತಾರ ಬರೆಸಿ ಬಣ್ಣದ ಡಬ್ಬಿ ಹೊರತಂದಿತು. ಮುಂದೆ ಪುಸ್ತಕಗಳ ಸಾಲಿನಂತೆ, ಬುಟ್ಟಿಯಂತೆ, ವಾಹನದಂತೆ ಕಾಣುವ ಡಬ್ಬಿಗಳೂ ಬಂದವು. ಕ್ರಿಸ್‌ಮಸ್ ಉಡುಗೊರೆಗೆ ಅವು ಬಹಳ ಬೇಡಿಕೆ ಪಡೆದವು.

ಕಲ್ಲು, ತಗಡು, ನಡುವೆ ಒಂದು ರಟ್ಟು

ತಗಡಿನ ಮೇಲೆ ಬಣ್ಣದ ಚಿತ್ರ ಅಚ್ಚು ಹಾಕುವುದು ಸುಲಭವಾಗಿರಲಿಲ್ಲ. ಆಗ ಬಣ್ಣದ ಚಿತ್ರಗಳನ್ನು ಅಚ್ಚು ಮಾಡುತ್ತಿದ್ದುದು ನುಣುಪಾದ ಕಲ್ಲಿನ ಮೇಲೆ ಬರೆದು. ಅದಕ್ಕೆ ಕಲ್ಲಚ್ಚು ಎನ್ನುತ್ತೇವೆ. ಕಾಗದ ಮೆದು, ಕಲ್ಲಿನ ಮೇಲೆ ಒತ್ತಿದರೆ ಶಾಯಿ ಹೀರಿಕೊಳ್ಳುತ್ತದೆ. ತಗಡು ಹಾಗಲ್ಲ. ಕಲ್ಲೂ ಗಟ್ಟಿ, ತಗಡೂ ಗಟ್ಟಿ. ಎರಡನ್ನೂ ಒತ್ತಿದರೆ ಚಿತ್ರ ಸರಿಯಾಗಿ ಕೂರುವುದಿಲ್ಲ.

1875ರಲ್ಲಿ ಲಂಡನ್ನಿನ ರಾಬರ್ಟ್ ಬಾರ್ಕ್ಲೇ ಇದಕ್ಕೆ ಪರಿಹಾರ ಕಂಡುಹಿಡಿದ. ಕಲ್ಲಿನ ಮೇಲಿನ ಚಿತ್ರವನ್ನು ಮೊದಲು ರಟ್ಟು ಹೊದಿಸಿದ ಉರುಳೆಗೆ ಇಳಿಸುವುದು, ಆಮೇಲೆ ಆ ಉರುಳೆಯಿಂದ ತಗಡಿಗೆ. ಗಟ್ಟಿಯಾದ ಎರಡರ ನಡುವೆ ಮೆತ್ತನೆಯದೊಂದು ಮಧ್ಯವರ್ತಿ. ಮುಂದೆ ರಟ್ಟಿನ ಜಾಗಕ್ಕೆ ರಬ್ಬರು ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ಉಪಾಯ ಕಾಗದದ ಮುದ್ರಣಕ್ಕೂ ಬಂದು ಆಫ್‌ಸೆಟ್ ಎನಿಸಿತು. ಓದುಗರ ಕೈಯಲ್ಲಿರುವ ದಿನಪತ್ರಿಕೆಯ ಬಣ್ಣದ ಪುಟಗಳು ಅಚ್ಚಾಗುವುದು ಈ ವಿಧಾನದಲ್ಲಿಯೇ. ಪತ್ರಿಕೆಯ ಪುಟಕ್ಕೂ ಬಿಸ್ಕತ್ತಿನ ಡಬ್ಬಿಗೂ ಹೀಗೊಂದು ದಾಯಾದಿ ಸಂಬಂಧ ಉಂಟು.

ಕಲ್ಲಚ್ಚು ನಮ್ಮಲ್ಲೂ ಮನೆಮಾತಾಯಿತು, ಆದರೆ ದೇವರ ಪಟಗಳ ಮೂಲಕ. ಮೈಸೂರು ಅರಮನೆಗೂ ಚಿತ್ರ ಬರೆದುಕೊಟ್ಟ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟ ಸಾಮಾನ್ಯರ ಗೋಡೆಗೂ ಬಂತು. ಈ ಶೈಲಿಯನ್ನು ವ್ಯಾಪಾರಿಗಳು ಬೇಗ ಹಿಡಿದುಕೊಂಡರು. ಕ್ಯಾಲೆಂಡರು, ಬೆಂಕಿಪೊಟ್ಟಣ, ಬಟ್ಟೆಯ ಥಾನಿನ ಚೀಟಿ ಎಲ್ಲದರ ಮೇಲೂ ದೇವರು ಕಾಣಿಸಿಕೊಂಡ. ಸಿಂಧ್ ಪ್ರಾಂತ್ಯದ ಸಕ್ಕರ್‌ನಲ್ಲಿ 1919ರಲ್ಲಿ ಆರಂಭವಾಗಿ, ದೇಶವಿಭಜನೆಯ ಬಳಿಕ ಗ್ವಾಲಿಯರ್‌ಗೆ ಬಂದ ಜೆ.ಬಿ. ಮಂಘಾರಾಂ ಬಿಸ್ಕತ್ತಿನ ಡಬ್ಬಿಗಳ ಮೇಲೆ ಕೃಷ್ಣನಂಥ ಪುರಾಣದ ಚಿತ್ರಗಳಿದ್ದವು. ಇದರಲ್ಲಿ ವ್ಯಾಪಾರದ ಜಾಣತನವೂ ಇತ್ತು. ದೇವರ ಚಿತ್ರವಿರುವ ವಸ್ತುವನ್ನು ನಮ್ಮವರು ತಿಪ್ಪೆಗೆ ಎಸೆಯುವುದಿಲ್ಲ. ಡಬ್ಬಿ ಮನೆಯಲ್ಲಿರುವವರೆಗೂ ಕಂಪನಿಯ ಹೆಸರೂ ಮನೆಯಲ್ಲಿರುತ್ತದೆ.

ದಂಡಿನಿಂದ ಹಳ್ಳಿಗೆ

ಇಂಗ್ಲೆಂಡಿನ ಈ ಡಬ್ಬಿಗಳಿಗೆ ನಮ್ಮ ಕಡೆಗೆ ದಾರಿಯಾದದ್ದು ಬೆಂಗಳೂರು ದಂಡು. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಡೆಗಳೂ ಅವರ ಕುಟುಂಬಗಳೂ ಇದ್ದವು. ಅವರಿಗೆ ಬೇಕಾದ ಬಿಸ್ಕತ್ತು, ಚಹಾ, ಮಿಠಾಯಿ, ತಂಬಾಕು ಹಡಗು ಹತ್ತಿ ಮದರಾಸಿಗೆ ಬಂದು, 1864ರಲ್ಲಿ ಬೆಂಗಳೂರು ದಂಡಿನವರೆಗೆ ತೆರೆದ ರೈಲು ಮಾರ್ಗದಲ್ಲಿ ಇಲ್ಲಿಗೆ ಬರುವಂತಾಯಿತು. ಒಳಗಿನ ಮಾಲು ಮುಗಿದ ಮೇಲೆ ಬರಿದಾದ ಡಬ್ಬಿ ಮನೆಗೆಲಸದವರ, ಅಡುಗೆಯವರ, ಗಾಡಿಯವರ ಪಾಲಿಗೆ ಬೀಳುತ್ತಿತ್ತು. ದಂಡಿಗೆ ತರಕಾರಿ, ಹಾಲು, ಹುಲ್ಲು, ಸೌದೆ ಒದಗಿಸುತ್ತಿದ್ದುದು ಸುತ್ತಲಿನ ಹಳ್ಳಿಗಳೇ. ಹೋಗುವಾಗ ತುಂಬಿದ ಗಾಡಿಗಳು ಬರುವಾಗ ಪೇಟೆಯ ಸಾಮಾನು ತರುತ್ತಿದ್ದವು. ಮದರಾಸು ರಸ್ತೆಯ ಹೊಸಕೋಟೆ, ತುಮಕೂರು ರಸ್ತೆಯ ನೆಲಮಂಗಲ, ರೈಲು ಹಾದುಹೋಗುವ ದೊಡ್ಡಬಳ್ಳಾಪುರ, ದೇವನಹಳ್ಳಿ ಎಲ್ಲವೂ ಬೆಂಗಳೂರಿಗೆ ಒಂದು ದಿನದ ದಾರಿಯೊಳಗೇ ಇದ್ದವು.

ಡಬ್ಬಿ ಎಂಬ ಮಾತು ಹಿಂದೂಸ್ತಾನಿ, ಮರಾಠಿಗಳಲ್ಲೂ ಇದೆ. ನೆಲಮಂಗಲ ತಾಲ್ಲೂಕಿನ ಡಾಬಸ್‌ಪೇಟೆಯ ಹೆಸರಿಗೂ ಡಬ್ಬಿಗೂ ನಂಟಿದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲವೆನ್ನಬೇಕು. ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿದ್ದ ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು.

ಡಬ್ಬಿ ಉಡುಗೊರೆಗೆ ಸೈನ್ಯದ ನಂಟು ಎಷ್ಟು ಗಟ್ಟಿ ಎನ್ನಲು ಎರಡು ಉದಾಹರಣೆ ಸಾಕು. ದಕ್ಷಿಣ ಆಫ್ರಿಕದಲ್ಲಿ ಹೋರಾಡುತ್ತಿದ್ದ ಸೈನಿಕರಿಗೆ ವಿಕ್ಟೋರಿಯ ರಾಣಿ 1900ರ ಹೊಸ ವರ್ಷದ ಉಡುಗೊರೆಯಾಗಿ ಚಾಕೊಲೆಟ್ ತುಂಬಿದ ತಗಡಿನ ಡಬ್ಬಿ ಕಳಿಸಿದಳು. 1914ರ ಕ್ರಿಸ್‌ಮಸ್‌ಗೆ ದೊರೆ ಐದನೆಯ ಜಾರ್ಜ್‌ನ 17 ವರ್ಷದ ಮಗಳು ಮೇರಿ ಹೆಸರಿನಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಿ ಸೈನಿಕರಿಗೆ ಹಿತ್ತಾಳೆಯ ಪುಟ್ಟ ಪೆಟ್ಟಿಗೆ ಹಂಚಲಾಯಿತು. ಕೊನೆಗೆ 25 ಲಕ್ಷಕ್ಕೂ ಹೆಚ್ಚು ಮಂದಿಗೆ ಅದು ತಲುಪಿತು. ಆಗ ಫ್ರಾನ್ಸಿನ ಕಂದಕಗಳಲ್ಲಿ ಭಾರತದ ಸೈನಿಕರೂ ಇದ್ದರು. ಬ್ರಿಟಿಷ್ ಸೈನಿಕನಿಗೆ ತಂಬಾಕು, ಸಿಗರೇಟು. ಸಿಖ್ಖರಿಗೆ ತಂಬಾಕು ಬೇಡವೆಂದು ಕಲ್ಲುಸಕ್ಕರೆ, ಜೊತೆಗೆ ಮಸಾಲೆ ಪದಾರ್ಥದ ಒಂದು ತಗಡಿನ ಡಬ್ಬಿ. ನೀರು ಹೊರುವವರೂ ಸೇರಿದಂತೆ ಪಡೆಯ ಹಿಂಬಾಲಕರಿಗೆ ಹಿತ್ತಾಳೆಯ ಪೆಟ್ಟಿಗೆ ಇಲ್ಲ, ಬರೀ ಮಸಾಲೆ ಡಬ್ಬಿ. ಯಾರಿಗೆ ಯಾವ ಡಬ್ಬಿ ಎಂಬುದರಲ್ಲೇ ಸಾಮ್ರಾಜ್ಯದ ಮೇಲು ಕೀಳು ಕಾಣುತ್ತದೆ. ಯುದ್ಧ ಮುಗಿಸಿ ಊರಿಗೆ ಮರಳಿದವರಲ್ಲಿ ಎಷ್ಟೋ ಮಂದಿ ತಂಬಾಕು ಸೇದಿ ಮುಗಿಸಿದರೂ ಪೆಟ್ಟಿಗೆಯನ್ನು ಕಾಪಾಡಿಕೊಂಡರು.

ಒಡವೆ ಪೆಟ್ಟಿಗೆಯಂಥ ಸೋಪಿನ ಪೆಟ್ಟಿಗೆ

ಪೆಟ್ಟಿಗೆಯೂ ಮಾರಾಟದ ಒಂದು ಭಾಗ ಎಂಬುದನ್ನು ಮೈಸೂರು ಸಂಸ್ಥಾನ ಬೇಗ ಅರಿತಿತು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ಮರವನ್ನು ಯುರೋಪಿಗೆ ಕಳಿಸುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ಬಂತು. ಅದನ್ನು ರೂಪಿಸಿದವರು ರಸಾಯನಶಾಸ್ತ್ರಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳು. ಮೈಸೂರು ಸ್ಯಾಂಡಲ್ ಸೋಪಿಗೆ ಅವರು ಆರಿಸಿದ್ದು ಹೂಬಳ್ಳಿಯ ಚಿತ್ತಾರದ, ಒಡವೆ ಪೆಟ್ಟಿಗೆಯನ್ನು ನೆನಪಿಸುವ ಹೊದಿಕೆ. ಮೇಲೆ ಆನೆಯ ತಲೆ, ಸಿಂಹದ ಮೈಯ ಶರಭದ ಗುರುತು. ಅದು ತಗಡಿನದಲ್ಲ, ರಟ್ಟಿನದು. ಆದರೂ ಉಡುಗೊರೆಯ ಡಬ್ಬಿಯ ತತ್ವವೇ ಅದರಲ್ಲಿರುವುದು. ಕೈಗೆ ತೆಗೆದುಕೊಂಡಾಗಲೇ ಇದು ಬೆಲೆಯುಳ್ಳದ್ದು ಎನಿಸಬೇಕು. ಸೋಪು ಖರ್ಚಾದರೂ ಪೆಟ್ಟಿಗೆಯ ಪರಿಮಳಕ್ಕಾಗಿ ಅದನ್ನು ಸೀರೆಗಳ ನಡುವೆ ಇಡುವ ಅಭ್ಯಾಸ ಕನ್ನಡ ನಾಡಿನ ಹೆಂಗಸರಿಗೆ ಹೊಸದಲ್ಲ.

ತಗಡಿನ ಡಬ್ಬಿ ಅಗ್ಗವಾಗಲು ತಗಡು ಇಲ್ಲೇ ತಯಾರಾಗಬೇಕಿತ್ತು. ಅದುವರೆಗೆ ಕಲಾಯಿ ತಗಡು ಬಹುಮಟ್ಟಿಗೆ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಿಂದ ಬರುತ್ತಿತ್ತು. 1920ರಲ್ಲಿ ಟಾಟಾ ಹಾಗೂ ಬರ್ಮಾ ಆಯಿಲ್ ಕಂಪನಿಗಳು ಸೇರಿ ಟಿನ್‌ಪ್ಲೇಟ್ ಕಂಪನಿಯನ್ನು ಸ್ಥಾಪಿಸಿದವು. ಜಮ್‌ಶೆಡ್‌ಪುರದ ಗೋಲ್ಮುರಿಯ ಕಾರ್ಖಾನೆಯಲ್ಲಿ 1922ರ ಕೊನೆಗೆ ಉತ್ಪಾದನೆ ಆರಂಭವಾಯಿತು. ಬರ್ಮಾ ಆಯಿಲ್‌ಗೆ ಬೇಕಿದ್ದುದು ಸೀಮೆಎಣ್ಣೆ ತುಂಬಲು ಡಬ್ಬ. ಆ ಚೌಕದ ಡಬ್ಬಗಳು ಹಳ್ಳಿಗೆ ಬಂದು ನೀರು ಸೇದುವ, ಧಾನ್ಯ ತುಂಬುವ, ಸೀಳಿ ಹರಡಿದರೆ ಸೂರಾಗುವ ವಸ್ತುಗಳಾದವು. 1933ರಲ್ಲಿ ಕಲ್ಕತ್ತೆಯಲ್ಲಿ ಮೆಟಲ್ ಬಾಕ್ಸ್ ಕಂಪನಿ ಆರಂಭವಾದ ಮೇಲೆ ಬಣ್ಣ ಬಣ್ಣದ ಚಿತ್ರದ ಡಬ್ಬಿ ಮಾಡುವುದೇ ಒಂದು ದೊಡ್ಡ ಉದ್ದಿಮೆಯಾಯಿತು. ಕಲ್ಕತ್ತೆಯಲ್ಲಿ 1892ರಲ್ಲಿ ಆರಂಭವಾದ ಬ್ರಿಟಾನಿಯಾದಂಥ ಬಿಸ್ಕತ್ತು ಕಂಪನಿಗಳು ಬೆಳೆದದ್ದೂ ತಗಡಿನ ಡಬ್ಬಿಯ ಜೊತೆಯಲ್ಲೇ.

ಡಾಲ್ಡಾ, ಹಾಲಿನಪುಡಿ

1937ರಲ್ಲಿ ಬಂದ ಡಾಲ್ಡಾದ ತಾಳೆಮರದ ಡಬ್ಬಿ ಇಡೀ ದೇಶಕ್ಕೆ ಪರಿಚಯ. ಅದರ ಪ್ರಚಾರಕ್ಕೆ ಡಬ್ಬಿಯ ಆಕಾರದ್ದೇ ಒಂದು ವಾಹನ ಊರೂರು ತಿರುಗಿತ್ತು. ಡಾಲ್ಡಾ ಮುಗಿದ ಮೇಲೆ ಅದರಲ್ಲಿ ತುಳಸಿ ಬೆಳೆಯಿತು, ಉಪ್ಪು ತುಂಬಿತು, ತಂತಿ ಕಟ್ಟಿದರೆ ಬಕೆಟ್ಟಾಯಿತು.

ಹಾಲಿನಪುಡಿ ಡಬ್ಬಿಯ ಕತೆಯಲ್ಲಿ ಮೈಸೂರಿಗೂ ಪಾಲಿದೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚಾದ್ದರಿಂದ ಅದರಿಂದ ಹಸುಗೂಸಿನ ಆಹಾರ ಮಾಡಲಾಗದು ಎಂದೇ ವಿದೇಶಿ ಕಂಪನಿಗಳು ಹೇಳುತ್ತಿದ್ದವು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಅದು ಸಾಧ್ಯವೆಂದು ತೋರಿಸಿದರು. ಆ ವಿಧಾನದಿಂದಲೇ ಗುಜರಾತಿನ ಅಮುಲ್ ಹಾಲಿನಪುಡಿ ತಯಾರಿಸಿತು. ಕೂಸು ಕುಡಿದು ಮುಗಿಸಿದ ಹಾಲಿನಪುಡಿ ಡಬ್ಬಿಗಳು ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ನಿಂತು ಸಾಸಿವೆ, ಮೆಂತ್ಯ, ಜೀರಿಗೆಗೆ ಮನೆಯಾದವು.

ಉಡುಗೊರೆಯ ಡಬ್ಬಿಯ ಹಾದಿಯೂ ಇದೇ ಹೊತ್ತಿನಲ್ಲಿ ತೆರೆಯಿತು. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಆರಂಭವಾದವು. ಸುತ್ತಲಿನ ತಾಲ್ಲೂಕುಗಳ ಯುವಕರು ತಿಂಗಳ ಸಂಬಳ ಎಣಿಸತೊಡಗಿದರು. ಹಬ್ಬಕ್ಕೆ ಊರಿಗೆ ಬರುವಾಗ ಕೈಯಲ್ಲೊಂದು ಬಿಸ್ಕತ್ತಿನ ಡಬ್ಬಿ ಇದ್ದರೆ ಅದು ಬರೀ ತಿಂಡಿಯಲ್ಲ, ನೌಕರಿಯ ಗುರುತು. ಅಕ್ಕ ತಂಗಿಯರ ಮನೆಗೆ ಹೋದ ಡಬ್ಬಿ ಅಲ್ಲಿಯೇ ಉಳಿಯಿತು. ಅದನ್ನು ತುಂಬಿ ಮರಳಿಸಬೇಕಾಗಿರಲಿಲ್ಲ. ಪಾತ್ರೆಯ ಋಣವಿಲ್ಲದ ಉಡುಗೊರೆ ಎಂದರೆ ಇದು. ನಂಟು ಅದರಿಂದ ಸಡಿಲವಾಗಲಿಲ್ಲ. ಪಾತ್ರೆ ಹೋಗಿ ಬರುವುದರ ಬದಲು ನೆನಪು ಮನೆಯಲ್ಲೇ ಕುಳಿತಿತು. ಇದು ಅಣ್ಣ ತಂದದ್ದು, ಇದು ಮೊದಲ ಹೆರಿಗೆಯ ವರ್ಷದ್ದು ಎಂದು ಡಬ್ಬಿಗಳಿಗೆ ಹೆಸರು ಬಂತು. ತವರದ ಡಬ್ಬಿ ತವರಿನ ಡಬ್ಬಿಯಾದದ್ದು ಹೀಗೆ.

ಹೆಣ್ಣಿನ ಖಜಾನೆ, ಹೊಲದ ಪತ್ರ

ಕೂಡುಕುಟುಂಬದ ಮನೆಯಲ್ಲಿ ಹೆಣ್ಣುಮಗಳಿಗೆ ತನ್ನದೆಂದು ಹೇಳಿಕೊಳ್ಳುವ ಜಾಗ ಎಷ್ಟಿತ್ತು? ಟ್ರಂಕಿನ ಬೀಗದ ಕೈ ಅತ್ತೆಯ ಬಳಿ, ಕಣಜದ ಲೆಕ್ಕ ಗಂಡಸರ ಬಳಿ. ಬಿಗಿಯಾದ ಮುಚ್ಚಳದ ಒಂದು ಡಬ್ಬಿ ಮಾತ್ರ ಅವಳದು. ಹಾಲು ಮೊಸರು ಮಾರಿದ ಚಿಲ್ಲರೆ, ರೇಷ್ಮೆ ಗೂಡು ಬಿಡಿಸಿದ ಕೂಲಿ, ಮುರಿದ ಓಲೆ, ಮಗುವಿನ ಮೊದಲ ಬಳೆ, ತವರಿನಿಂದ ಬಂದ ಕಾಗದ ಅದರೊಳಗೆ. ಸಾಸಿವೆ ಡಬ್ಬಿಯ ದುಡ್ಡು ಎಂಬ ಮಾತು ಗೊತ್ತಿಲ್ಲದ ಕನ್ನಡದ ಮನೆ ಇಲ್ಲ. ಬ್ಯಾಂಕಿನ ಖಾತೆಗಿಂತ ಮೊದಲಿನ ಉಳಿತಾಯ ಖಾತೆ ಅದು.

ಗಂಡಸರ ಡಬ್ಬಿಯಲ್ಲಿ ಕ್ರಯಪತ್ರ, ಪಹಣಿ, ಕಂದಾಯದ ರಸೀತಿ. ಗೆದ್ದಲು ಮರದ ಪೆಟ್ಟಿಗೆಯನ್ನು ತಿನ್ನುತ್ತದೆ, ಇಲಿ ಬಟ್ಟೆಯ ಗಂಟನ್ನು ಕಡಿಯುತ್ತದೆ. ತಗಡಿಗೆ ಎರಡರ ಭಯವೂ ಇಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಅದರ ಮಹತ್ವ ಹೆಚ್ಚು. ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣವೊಂದಕ್ಕೇ ಸುಮಾರು 4,000 ಎಕರೆ ಭೂಮಿ ಬೇಕಾಯಿತು. ಕೈಗಾರಿಕೆ, ಹೆದ್ದಾರಿ, ಬಡಾವಣೆಗಳಿಗೆ ಹೋದದ್ದು ಬೇರೆ. ಪರಿಹಾರ ಕೇಳಲು, ತಕರಾರು ಹೂಡಲು, ಪಾಲು ಮಾಡಿಕೊಳ್ಳಲು ಹಳೆಯ ಕಾಗದ ಬೇಕು. ಅಜ್ಜ ಯಾವ ಡಬ್ಬಿಯಲ್ಲಿ ಏನಿಟ್ಟಿದ್ದ ಎಂಬುದು ಒಂದು ಮನೆತನದ ಅಳಿವು ಉಳಿವಿನ ಪ್ರಶ್ನೆಯೂ ಆಗಬಹುದು.

ವಿಮಾನದಲ್ಲಿ ಬಂದ ಡಬ್ಬಿ

1970ರ ದಶಕದಿಂದ ಗಲ್ಫ್ ದೇಶಗಳಿಗೆ ದುಡಿಯಲು ಹೋದ ಕರಾವಳಿಯವರು ರಜೆಗೆ ಬರುವಾಗ ತರುತ್ತಿದ್ದ ಉಡುಗೊರೆಗಳಲ್ಲಿ ಕ್ವಾಲಿಟಿ ಸ್ಟ್ರೀಟ್ ಚಾಕೊಲೆಟ್ ಡಬ್ಬಿ, ನಿಡೋ ಹಾಲಿನಪುಡಿ ಡಬ್ಬಿ ಪ್ರಸಿದ್ಧ. ಕ್ವಾಲಿಟಿ ಸ್ಟ್ರೀಟ್ 1936ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದದ್ದು. ಅದರ ಹೆಸರು ಒಂದು ನಾಟಕದಿಂದ ಬಂದದ್ದು. ಮಂಗಳೂರು, ಉಡುಪಿ, ಕಾಸರಗೋಡು ಕಡೆಯ ಮನೆಗಳಲ್ಲಿ ಆ ಡಬ್ಬಿ ಎಂದರೆ ದೂರದಲ್ಲಿ ದುಡಿಯುವವರ ನೆನಪು.

2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಯಲುಸೀಮೆಗೂ ಆ ದಾರಿ ಹತ್ತಿರವಾಯಿತು. ವಿದೇಶದಲ್ಲಿರುವ ಮಕ್ಕಳು ತರುವ ಡೆನ್ಮಾರ್ಕಿನ ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿ ಈಗ ಎಲ್ಲರಿಗೂ ಗೊತ್ತು. 1966ರಲ್ಲಿ ಶುರುವಾದ ರಾಯಲ್ ಡ್ಯಾನ್ಸ್ಕ್ ಕಂಪನಿಯ ಡಬ್ಬಿ ಅದರಲ್ಲಿ ಹೆಚ್ಚು ಪ್ರಸಿದ್ಧ. ಬಿಸ್ಕತ್ತಿನಾಸೆಗೆ ಮುಚ್ಚಳ ತೆಗೆದರೆ ಒಳಗೆ ಸೂಜಿ, ದಾರ, ಗುಂಡಿ ಕಂಡು ನಿರಾಶರಾಗುವುದು ಅಮೆರಿಕದ ಮಕ್ಕಳಿಗೂ ಅಷ್ಟೇ, ಹೊಸಕೋಟೆಯ ಮಕ್ಕಳಿಗೂ ಅಷ್ಟೇ. ಒಳ್ಳೆಯ ಡಬ್ಬಿಯನ್ನು ಎಸೆಯಬಾರದು ಎಂಬ ಬುದ್ಧಿ ಯಾವ ದೇಶದ ಅಜ್ಜಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

ಗುಜರಿಗೆ ಹಾಕುವ ಮುನ್ನ

1980ರ ದಶಕದಿಂದ ಪ್ಲಾಸ್ಟಿಕ್ ಹಾಗೂ ತೆಳು ಹಾಳೆಯ ಪೊಟ್ಟಣಗಳು ಡಬ್ಬಿಯ ಜಾಗ ಹಿಡಿದವು. ಅವು ಹಗುರ, ಅಗ್ಗ, ತುಕ್ಕು ಹಿಡಿಯುವುದಿಲ್ಲ. ಡಾಲ್ಡಾ ಪ್ಲಾಸ್ಟಿಕ್ ಡಬ್ಬಿಗೆ ಬಂತು, ಬಿಸ್ಕತ್ತು ಕಾಗದಕ್ಕೆ ಇಳಿಯಿತು, ಪೌಡರ್ ಡಬ್ಬಿಯೂ ಪ್ಲಾಸ್ಟಿಕ್ ಆಯಿತು. ಮೆಟಲ್ ಬಾಕ್ಸ್ ಕಂಪನಿ ಆ ದಶಕದಲ್ಲಿ ನಷ್ಟಕ್ಕೆ ಸಿಲುಕಿತು. ತಗಡಿನ ಡಬ್ಬಿ ಪೂರ್ತಿ ಮಾಯವಾಗಲಿಲ್ಲ, ದೀಪಾವಳಿಯ ಒಣಹಣ್ಣು, ಚಹಾ, ಚಾಕೊಲೆಟ್‌ಗಳ ದುಬಾರಿ ಉಡುಗೊರೆಗೆ ಮೀಸಲಾಯಿತು. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲಗಳ ಮೇಲೆ ನಿಷೇಧ ಬಂದ ಮೇಲೆ, ಅಯಸ್ಕಾಂತದಿಂದ ಸುಲಭವಾಗಿ ಬೇರ್ಪಡಿಸಿ ಮತ್ತೆ ಕರಗಿಸಬಹುದಾದ ಈ ಡಬ್ಬಿಯ ಗುಣವನ್ನು ಹೊಸದಾಗಿ ನೆನೆಯಬೇಕಾಗಿದೆ.

ಆದರೆ ಹಳೆಯ ಡಬ್ಬಿಗಳು ಬೇಗ ಬೇಗ ಮರೆಯಾಗುತ್ತಿವೆ. ನಾಡಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವಾಗ ಅಟ್ಟದ ಸಾಮಾನೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ರಾಗಿ ಬೀಸುವ ಕಲ್ಲು, ನೇಗಿಲುಗಳನ್ನು ಕಾಪಾಡಬೇಕೆಂಬ ಅರಿವು ನಮಗೆ ಬಂದಿದೆ. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ ಅದಕ್ಕೆ ಸಾಕ್ಷಿ. ಧರ್ಮಸ್ಥಳದ ವಸ್ತುಸಂಗ್ರಹಾಲಯದ ಹೆಸರೇ ಮಂಜೂಷಾ, ಅಂದರೆ ಪೆಟ್ಟಿಗೆ. ಕಾರ್ಖಾನೆಯಿಂದ ಬಂದ ಡಬ್ಬಿ ಮಾತ್ರ ಜಾನಪದವೂ ಅಲ್ಲ, ಪುರಾತನವೂ ಅಲ್ಲ ಎಂದು ನಮ್ಮ ಕಣ್ಣಿಗೆ ಬೀಳುತ್ತಿಲ್ಲ. ಇಂಗ್ಲೆಂಡಿನ ರೀಡಿಂಗ್ ವಸ್ತುಸಂಗ್ರಹಾಲಯದಲ್ಲಿ ಹಂಟ್ಲಿ ಅಂಡ್ ಪಾಮರ್ಸ್ ಡಬ್ಬಿಗಳಿಗೆಂದೇ ಜಾಗವಿದೆ. ಅಲ್ಲಿ ಉಳಿದದ್ದು ಕಂಪನಿಯ ಚರಿತ್ರೆ. ನಮ್ಮ ಡಬ್ಬಿಗಳಲ್ಲಿರುವುದು ಅವನ್ನು ಬಳಸಿದವರ ಚರಿತ್ರೆ. ಸವೆದ ಮುಚ್ಚಳ, ಮೊಳೆಯಿಂದ ಗೀಚಿದ ಹೆಸರು, ಒಳಗೆ ಅಂಟಿದ ಅರಿಸಿನ ಅದರ ಅಕ್ಷರಗಳು.

ಸಂಗ್ರಹಕ್ಕೆ ದೊಡ್ಡ ಖರ್ಚು ಬೇಡ. ಹಳೆಯ ಡಬ್ಬಿಯನ್ನು ಹುಣಸೆ, ಬೂದಿ ಹಾಕಿ ಉಜ್ಜಬಾರದು. ಚಿತ್ರದ ಜೊತೆ ತವರದ ಪದರವೂ ಕಿತ್ತುಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿ ತೇವ ತಗುಲದಂತೆ ಇಟ್ಟರೆ ಸಾಕು. ಉಪ್ಪು, ಹುಳಿ, ಉಪ್ಪಿನಕಾಯಿ ಅದರಲ್ಲಿ ಇಡಬಾರದು. ಬೆಸುಗೆ ಹಾಕಿದ ಬಹಳ ಹಳೆಯ ಡಬ್ಬಿಯ ಬೆಸುಗೆಯಲ್ಲಿ ಸೀಸ ಇರುವುದರಿಂದ ತಿನ್ನುವ ಯಾವ ವಸ್ತುವನ್ನೂ ತುಂಬದಿರುವುದೇ ಕ್ಷೇಮ. ಎಲ್ಲಕ್ಕಿಂತ ಮುಖ್ಯವಾಗಿ, ಗುಜರಿಯವರ ತಕ್ಕಡಿಗೆ ಹಾಕುವ ಮುನ್ನ ಮನೆಯ ಹಿರಿಯ ಹೆಂಗಸನ್ನು ಒಂದು ಮಾತು ಕೇಳಬೇಕು. ಇದನ್ನು ಯಾರು ತಂದರು, ಯಾವ ವರ್ಷ, ಏನು ತುಂಬಿಕೊಂಡು ಬಂತು, ಆಮೇಲೆ ಇದರಲ್ಲಿ ಏನಿಟ್ಟಿರಿ ಎಂದು. ಆಕೆಯ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೇ ಇಟ್ಟು ಮುಚ್ಚಬೇಕು. ಬರಿ ಪಾತ್ರೆ ಕಳಿಸಬಾರದೆಂಬ ನಿಯಮ ಮುಂದಿನ ತಲೆಮಾರಿಗೆ ದಾಟಿಸುವ ಡಬ್ಬಿಗೂ ಅನ್ವಯಿಸಲಿ.